ಓದುಗರ ಪ್ರಶ್ನೆಗಳು: ವೈದ್ಯಕೀಯ ಸಾಧನಗಳೂ ಎಥಿಲೀನ್ ಆಕ್ಸೈಡ್ ಅನಿಲವೂ

ಪ್ರಶ್ನೆ: ಹಾಸಿಗೆ ಹಿಡಿದಿರುವ ನಮ್ಮ ತಂದೆಯವರಿಗೆ ಮೂತ್ರದ ಕ್ಯಾತಿಟರ್ ಹಾಕಿದ್ದಾರೆ. ಅದರ ಪೊಟ್ಟಣದ ಮೇಲೆ ‘ಸ್ಟೆರೈಲ್ ಇಓ’ ಎಂದು ಮುದ್ರಿಸಿದ್ದನ್ನು ಕಂಡು ವಿಚಾರಿಸಿದಾಗ, ಅದು ಎಥಿಲೀನ್ ಆಕ್ಸೈಡ್ ಅನಿಲದಿಂದ ಕ್ರಿಮಿರಹಿತಗೊಳಿಸಿದ್ದರ ಗುರುತೆಂದೂ ಆ ಅನಿಲ ಕ್ಯಾನ್ಸರ್‌ಕಾರಕವೆಂದೂ ತಿಳಿಯಿತು. ದೇಹದೊಳಗೆ ಹೋಗುವ ನಳಿಕೆಗೆ ಅಂಥ ಅನಿಲವನ್ನು ಏಕೆ ತಾಗಿಸಬೇಕು? ಕುದಿಸಿಯೋ ಹಬೆಯಲ್ಲಿಟ್ಟೋ ಶುದ್ಧಗೊಳಿಸಬಾರದೇ? ತಂದೆಯವರಿಗೆ ಇದರಿಂದ ಅಪಾಯವಿದೆಯೇ?

ಉತ್ತರ: ತಮ್ಮ ಆತಂಕಕ್ಕೆ ಆಧಾರವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1994ರಲ್ಲಿ ಎಥಿಲೀನ್ ಆಕ್ಸೈಡನ್ನು, ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವುದು ಖಚಿತವಾಗಿರುವ ವಸ್ತುಗಳ ಮೊದಲನೆಯ ಗುಂಪಿಗೆ ಸೇರಿಸಿತು. ಆದರೂ ಈ ಅನಿಲ ಆಸ್ಪತ್ರೆಗಳಿಗೆ ಏಕೆ ಬೇಕಾಗಿದೆ ಎಂಬುದನ್ನು ಮೊದಲು ನೋಡೋಣ. ತಂದೆಯವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಕುದಿಸುವುದರಿಂದ ಸಾಮಾನ್ಯ ಬ್ಯಾಕ್ಟೀರಿಯಾಗಳು ಸಾಯುತ್ತವೆಯೇ ಹೊರತು, ಕೆಲವು ಬ್ಯಾಕ್ಟೀರಿಯಾಗಳು ತಮ್ಮ ರಕ್ಷಣೆಗೆಂದು ಕಟ್ಟಿಕೊಳ್ಳುವ ಬೀಜಕಣಗಳು 100 ಡಿಗ್ರಿ ಶಾಖವನ್ನೂ ತಾಳಿಕೊಂಡು ಉಳಿಯಬಲ್ಲವು. ಅವನ್ನು ಕೊಲ್ಲಲು ಆಟೋಕ್ಲೇವ್ ಯಂತ್ರದಲ್ಲಿ ಒತ್ತಡದ ಹಬೆಯನ್ನು ಸಾಮಾನ್ಯವಾಗಿ 121 ಅಥವಾ 134 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಬೇಕು. ಉಕ್ಕಿನ ಕತ್ತರಿ, ಚಿಮುಟ, ಹತ್ತಿಯ ಬಟ್ಟೆಗಳಿಗೆ ಇದಕ್ಕಿಂತ ಉತ್ತಮ ವಿಧಾನ ಇಂದಿಗೂ ಇಲ್ಲ, ಮತ್ತು ಹಬೆ ಸಾಕಾಗುವ ಕಡೆ ಬೇರೊಂದನ್ನು ಬಳಸಲೇಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದರೆ ತೆಳು ಪ್ಲಾಸ್ಟಿಕ್ಕಿನ ನಳಿಕೆಗಳು, ಅಂಟಿನಿಂದ ಜೋಡಿಸಿದ ಭಾಗಗಳು, ಮಸೂರಗಳಿರುವ ದರ್ಶಕಗಳು, ಒಳಗೆ ವಿದ್ಯುನ್ಮಂಡಲವಿರುವ ಸಾಧನಗಳು ಆ ಶಾಖದಲ್ಲಿ ಸೊಟ್ಟಗಾಗುತ್ತವೆ, ಬಿಟ್ಟುಕೊಳ್ಳುತ್ತವೆ ಅಥವಾ ಕೆಡುತ್ತವೆ. ಗಾಮಾ ಕಿರಣ ಇನ್ನೊಂದು ದಾರಿಯಾದರೂ ಟೆಫ್ಲಾನ್ ಅದಕ್ಕೆ ಒಡ್ಡಿಕೊಂಡರೆ ಹಾಳಾಗುತ್ತದೆ, ಪಾಲಿಪ್ರೊಪಿಲೀನ್ ಪೆಡಸಾಗುತ್ತದೆ, ಪಿವಿಸಿ ಹಳದಿಗಟ್ಟುತ್ತದೆ. ಎಥಿಲೀನ್ ಆಕ್ಸೈಡ್ ಮಾತ್ರ 37ರಿಂದ 63 ಡಿಗ್ರಿಗಳ ನಡುವೆಯೇ ಕೆಲಸ ಮಾಡುತ್ತದೆ. ಮೊಹರು ಮಾಡಿದ ಪೊಟ್ಟಣದೊಳಗೂ, ಪೊಟ್ಟಣಗಳನ್ನು ತುಂಬಿದ ರಟ್ಟಿನ ಪೆಟ್ಟಿಗೆಯೊಳಗೂ, ಉದ್ದವಾದ ಕಿರು ನಳಿಕೆಯ ಒಳಗೋಡೆಗೂ ತಲುಪುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಅಂದಾಜಿನಂತೆ ಆ ದೇಶದಲ್ಲಿ ಬಳಕೆಯಾಗುವ ಕ್ರಿಮಿರಹಿತ ಸಾಧನಗಳಲ್ಲಿ ಸುಮಾರು ಅರ್ಧದಷ್ಟು, ಅಂದರೆ ವರ್ಷಕ್ಕೆ ಸುಮಾರು 2,000 ಕೋಟಿ ಸಾಧನಗಳು, ಈ ಅನಿಲದಿಂದಲೇ ಶುದ್ಧವಾಗುತ್ತವೆ.

1859ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಶಾರ್ಲ್ ಅಡಾಲ್ಫ್ ವುರ್ಟ್ಸ್ ಮೊದಲ ಬಾರಿಗೆ ತಯಾರಿಸಿದ ಈ ಸಂಯುಕ್ತದ ಅಣು ಬಹಳ ಚಿಕ್ಕದು: ಎರಡು ಇಂಗಾಲದ ಪರಮಾಣುಗಳೂ ಒಂದು ಆಮ್ಲಜನಕದ ಪರಮಾಣುವೂ ಸೇರಿ ಮೂರು ಮೂಲೆಯ ಉಂಗುರವಾಗಿವೆ. ಬಗ್ಗಿಸಿ ಹೆದೆಯೇರಿಸಿದ ಬಿಲ್ಲಿನಂತೆ ಆ ಉಂಗುರ ಬಿಗಿತದಲ್ಲಿರುತ್ತದೆ. ಜೀವಕೋಶದ ಪ್ರೋಟೀನನ್ನೋ ಡಿಎನ್‌ಎಯನ್ನೋ ತಾಗಿದೊಡನೆ ಬಿಚ್ಚಿಕೊಂಡು ಅದಕ್ಕೆ ಅಂಟಿಬಿಡುತ್ತದೆ. ಆಲ್ಕೈಲೀಕರಣ ಎನ್ನುವ ಈ ಕ್ರಿಯೆಯಿಂದ ಬ್ಯಾಕ್ಟೀರಿಯಾದ ಕಿಣ್ವಗಳು ನಿಷ್ಕ್ರಿಯವಾಗುತ್ತವೆ, ವಂಶವಾಹಿ ಹಾಳಾಗುತ್ತದೆ, ಅದು ಮತ್ತೆ ಬೆಳೆಯಲಾರದು. ಮನುಷ್ಯರ ಜೀವಕೋಶದ ಡಿಎನ್‌ಎ ಮೇಲೂ ಇದೇ ಅಣು ಇದೇ ಕೆಲಸವನ್ನು ಮಾಡಬಲ್ಲದು, ಕ್ಯಾನ್ಸರಿನ ಭಯ ಇರುವುದು ಅಲ್ಲಿಯೇ. ಕ್ರಿಮಿಯನ್ನು ಕೊಲ್ಲುವ ಗುಣವನ್ನು ಉಳಿಸಿಕೊಂಡು ನಮಗೆ ಹಾನಿ ಮಾಡುವ ಗುಣವನ್ನಷ್ಟೇ ತೆಗೆದುಹಾಕಲು ಸಾಧ್ಯವಿಲ್ಲದ ಕಾರಣ, ಕೆಲಸ ಮುಗಿದ ಮೇಲೆ ಅನಿಲವನ್ನು ಸಾಧನದಿಂದ ಹೊರಹಾಕುವುದೊಂದೇ ಉಳಿದಿರುವ ದಾರಿ. ಕ್ರಿಮಿಗಳು ಸತ್ತ ಕ್ಷಣಕ್ಕೆ ಶುದ್ಧೀಕರಣ ಮುಗಿಯಿತೆಂದು ತಿಳಿಯಬಾರದು. ಅನಿಲವೂ ಹೊರಟುಹೋದ ಮೇಲೆಯೇ ಅದು ಮುಗಿಯುತ್ತದೆ. ಈ ಸಂಚಿಕೆಯ ಉಳಿದ ಉತ್ತರಗಳಲ್ಲಿಯೂ ಈ ಮಾತನ್ನೇ ನಾನು ಬೇರೆಬೇರೆ ರೀತಿಯಲ್ಲಿ ಹೇಳಬೇಕಾಗಿದೆ.

ಈಗ ತಂದೆಯವರ ವಿಷಯ. ಪ್ಲಾಸ್ಟಿಕ್ ಮತ್ತು ರಬ್ಬರ್ ಅನಿಲವನ್ನು ಹೀರಿಕೊಂಡು ನಿಧಾನವಾಗಿ ಬಿಡುತ್ತವೆ. ಗಾಜು ಮತ್ತು ಲೋಹ ಹೀರಿಕೊಳ್ಳುವುದಿಲ್ಲ. ಆದ್ದರಿಂದ ಸಾಧನದಿಂದ ರೋಗಿಗೆ ಎಷ್ಟು ಅನಿಲ ಸೇರಬಹುದೆಂಬುದಕ್ಕೆ ಐಎಸ್‌ಓ 10993-7 ಎಂಬ ಅಂತರರಾಷ್ಟ್ರೀಯ ಮಾನಕವು ಮಿತಿ ವಿಧಿಸಿದೆ. ವಯಸ್ಕರೊಬ್ಬರಿಗೆ ಮೊದಲ 24 ಗಂಟೆಗಳಲ್ಲಿ 4 ಮಿಲಿಗ್ರಾಂ, ಒಂದು ದಿನಕ್ಕಿಂತ ಹೆಚ್ಚು ದೇಹದಲ್ಲಿರುವ ಸಾಧನಕ್ಕೆ 30 ದಿನಗಳಲ್ಲಿ ಒಟ್ಟು 60 ಮಿಲಿಗ್ರಾಂ, ಶಾಶ್ವತವಾಗಿ ಒಳಗಿರುವ ಸಾಧನಕ್ಕೆ ಜೀವಮಾನದಲ್ಲಿ 2.5 ಗ್ರಾಂ ಮೀರಬಾರದು. ನವಜಾತ ಶಿಶುಗಳಿಗೆ ದೇಹದ ತೂಕಕ್ಕೆ ತಕ್ಕಂತೆ ಮಿತಿ ಇನ್ನೂ ಕಡಿಮೆ. ಈ ಮಾನಕವನ್ನು ಪಾಲಿಸಿ ತಯಾರಿಸಿದ, ಪೊಟ್ಟಣ ಹರಿಯದ, ಅವಧಿ ಮೀರದ ಕ್ಯಾತಿಟರಿನಲ್ಲಿ ಉಳಿದಿರಬಹುದಾದ ಅನಿಲದ ಅಂಶ ಅತ್ಯಲ್ಪ. ಅದಕ್ಕೆ ಹೋಲಿಸಿದರೆ, ಸರಿಯಾಗಿ ಶುದ್ಧಗೊಳಿಸದ ಕ್ಯಾತಿಟರಿನಿಂದ ಹಾಸಿಗೆ ಹಿಡಿದ ಹಿರಿಯರಿಗೆ ತಗಲುವ ಮೂತ್ರನಾಳದ ಸೋಂಕು ಕಣ್ಣೆದುರಿನ ಅಪಾಯ. ಆದ್ದರಿಂದ ಭಯಪಟ್ಟು ಕ್ಯಾತಿಟರನ್ನು ತೆಗೆಸಬೇಡಿ, ಮನೆಯಲ್ಲಿ ಕುದಿಸುವ ಪ್ರಯತ್ನವನ್ನೂ ಮಾಡಬೇಡಿ. ಅದು ಇನ್ನೂ ಅಗತ್ಯವಿದೆಯೇ, ಯಾವಾಗ ಬದಲಾಯಿಸಬೇಕು ಎಂಬುದನ್ನು ಮಾತ್ರ ವೈದ್ಯರನ್ನು ತಪ್ಪದೆ ಕೇಳುತ್ತಿರಿ.

ಪ್ರಶ್ನೆ: ಡಯಾಲಿಸಿಸ್ ರೋಗಿಗಳಿಗೆ ಈ ಅನಿಲದಿಂದ ಅಲರ್ಜಿಯಾಗುತ್ತದೆ ಎಂದು ಕೇಳಿದ್ದೇನೆ. ಇದು ನಿಜವೇ?

ಉತ್ತರ: ನಿಜ. ಸಾಧನದಲ್ಲಿ ಉಳಿದ ಅನಿಲವನ್ನು ವೈದ್ಯಲೋಕ ಗಂಭೀರವಾಗಿ ಪರಿಗಣಿಸುವಂತೆ ಮಾಡಿದ ಪ್ರಕರಣಗಳಲ್ಲಿ ಇದೂ ಒಂದು. 1980ರ ದಶಕದಲ್ಲಿ, ರಕ್ತವನ್ನು ಸೋಸುವ ಹೊಸ ಡಯಲೈಸರನ್ನು ಜೋಡಿಸಿದ ಕೆಲವೇ ನಿಮಿಷಗಳಲ್ಲಿ ಕೆಲವು ರೋಗಿಗಳಿಗೆ ತುರಿಕೆ, ಉಸಿರಾಟದ ತೊಂದರೆ, ರಕ್ತದೊತ್ತಡದ ಕುಸಿತ ಕಾಣಿಸಿಕೊಳ್ಳುತ್ತಿದ್ದುದನ್ನು ವೈದ್ಯರು ಗಮನಿಸಿದರು. ಅಂಥವರಲ್ಲಿ ಹಲವರ ರಕ್ತದಲ್ಲಿ, ಎಥಿಲೀನ್ ಆಕ್ಸೈಡ್ ಅಂಟಿಕೊಂಡ ಆಲ್ಬುಮಿನ್ ಪ್ರೋಟೀನಿನ ವಿರುದ್ಧ ಪ್ರತಿಕಾಯಗಳು ಕಂಡುಬಂದವು. ಡಯಲೈಸರಿನ ಸಾವಿರಾರು ಸೂಕ್ಷ್ಮ ನಳಿಕೆಗಳನ್ನು ಎರಡೂ ತುದಿಗಳಲ್ಲಿ ಹಿಡಿದಿಡುವ ಪಾಲಿಯುರಿಥೇನ್ ಎರಕವು ಅನಿಲವನ್ನು ಹಿಡಿದಿಟ್ಟುಕೊಂಡು, ರಕ್ತ ಹರಿಯತೊಡಗಿದಾಗ ಬಿಡುತ್ತಿತ್ತು. ಅಳತೆಯಲ್ಲಿ ಅದು ಹೆಚ್ಚೇನೂ ಇರಲಿಲ್ಲ. ಆದರೆ ವಾರಕ್ಕೆ ಹಲವು ಬಾರಿ ನೇರವಾಗಿ ರಕ್ತಕ್ಕೇ ಸೇರುತ್ತಿದ್ದುದರಿಂದ ದೇಹ ಅದನ್ನು ಶತ್ರುವೆಂದು ಗುರುತಿಸಲು ಕಲಿತುಬಿಟ್ಟಿತ್ತು. ಬಳಸುವ ಮೊದಲು ಡಯಲೈಸರನ್ನು ಲವಣದ್ರಾವಣದಿಂದ ಚೆನ್ನಾಗಿ ತೊಳೆಯುವ ಕ್ರಮಕ್ಕೆ ಇದರಿಂದ ಹೆಚ್ಚಿನ ಮಹತ್ವ ಬಂದಿತು. ಹಬೆ ಅಥವಾ ವಿಕಿರಣದಿಂದ ಶುದ್ಧಗೊಳಿಸಿದ ಡಯಲೈಸರುಗಳೂ ಈಗ ದೊರೆಯುತ್ತವೆ. ಹಿಂದೆ ಇಂಥ ಪ್ರತಿಕ್ರಿಯೆ ಆಗಿದ್ದವರು ಪ್ರತಿ ಬಾರಿಯೂ ಅದನ್ನು ಡಯಾಲಿಸಿಸ್ ಸಿಬ್ಬಂದಿಗೆ ತಿಳಿಸಬೇಕು.

ಪ್ರಶ್ನೆ: ನಾನು ಆಸ್ಪತ್ರೆಯ ಶಸ್ತ್ರಕ್ರಿಯಾ ತಂತ್ರಜ್ಞಾನದ ವಿದ್ಯಾರ್ಥಿನಿ. ಆಟೋಕ್ಲೇವ್ ನಮಗೆ ಅರ್ಥವಾಗುತ್ತದೆ, ಇಟಿಓ (ಎಥಿಲೀನ್ ಆಕ್ಸೈಡ್) ಯಂತ್ರ ಅರ್ಥವಾಗುವುದಿಲ್ಲ. ಒಳಗೆ ತೇವಾಂಶ ಏಕೆ ಬೇಕು? ಎಲ್ಲ ಕ್ರಿಮಿಗಳೂ ಸತ್ತಿವೆಯೆಂದು ಪೊಟ್ಟಣ ತೆರೆಯದೆ ಹೇಗೆ ಹೇಳುತ್ತಾರೆ?

ಉತ್ತರ: ಶಾಖ, ತೇವಾಂಶ, ಅನಿಲದ ಸಾಂದ್ರತೆ, ಕಾಲ ಎಂಬ ನಾಲ್ಕು ಅಂಶಗಳನ್ನು ಒಟ್ಟಿಗೆ ಗ್ರಹಿಸಿದರೆ ಈ ಯಂತ್ರ ಅರ್ಥವಾಗುತ್ತದೆ. ಆಟೋಕ್ಲೇವಿನಲ್ಲಿ ಹಬೆಯೊಂದೇ ಶಾಖವನ್ನೂ ತೇವವನ್ನೂ ತರುತ್ತದೆ. ಇಲ್ಲಿ ಒಂದೊಂದನ್ನೂ ಬೇರೆಬೇರೆಯಾಗಿ ಒದಗಿಸಬೇಕು, ಒಂದು ತಪ್ಪಿದರೂ ಉಳಿದವು ಅದನ್ನು ಸರಿದೂಗಿಸುವುದಿಲ್ಲ. ಸಾಮಾನ್ಯವಾಗಿ ಅನಿಲವು ಲೀಟರಿಗೆ 450ರಿಂದ 1,200 ಮಿಲಿಗ್ರಾಂ, ಸಾಪೇಕ್ಷ ಆರ್ದ್ರತೆ ಶೇಕಡಾ 40ರಿಂದ 80, ಕಾಲ 1ರಿಂದ 6 ಗಂಟೆ ಇರುತ್ತದೆ. ಎಷ್ಟೋ ಕಡೆ ಕಡೆಗಣನೆಗೆ ಒಳಗಾಗುವುದು ತೇವಾಂಶವೇ. ಪೂರ್ತಿ ಒಣಗಿದ ಬೀಜಕಣದ ಮೇಲೆ ಅನಿಲ ಸರಿಯಾಗಿ ವರ್ತಿಸುವುದಿಲ್ಲ; ಸ್ವಲ್ಪ ನೀರು ಹೀರಿ ಸಡಿಲಗೊಂಡಾಗ ಮಾತ್ರ ಅದರೊಳಗಿನ ಪ್ರೋಟೀನು ಮತ್ತು ಡಿಎನ್‌ಎ ಅನಿಲಕ್ಕೆ ಎಟಕುತ್ತವೆ. ಅದಕ್ಕಾಗಿಯೇ ಅನಿಲ ಬಿಡುವ ಮೊದಲು ಸಾಧನಗಳನ್ನು ಬೆಚ್ಚನೆಯ ತೇವದ ಗಾಳಿಯಲ್ಲಿ ಇಡುತ್ತಾರೆ. ಹಾಗೆಂದು ನೀರಿನ ಹನಿಗಳು ಉಳಿದಿರಬಾರದು. ತೊಳೆದ ನಳಿಕೆಯೊಳಗೆ ನೀರು ನಿಂತಿದ್ದರೆ ಅನಿಲ ಅದರೊಡನೆ ಸೇರಿ ಎಥಿಲೀನ್ ಗ್ಲೈಕಾಲ್ ಆಗಿಬಿಡುತ್ತದೆ. ಉಪ್ಪಿನ ಅಂಶವಿದ್ದರೆ ಎಥಿಲೀನ್ ಕ್ಲೋರೊಹೈಡ್ರಿನ್ ಎಂಬ ಮತ್ತೊಂದು ವಿಷ ಉಂಟಾಗುತ್ತದೆ. ರಕ್ತ, ಲೋಳೆ ಒಣಗಿ ಅಂಟಿದ್ದರಂತೂ ಅದರ ಅಡಿಯಲ್ಲಿರುವ ಬ್ಯಾಕ್ಟೀರಿಯಾವನ್ನು ಅನಿಲ ಮುಟ್ಟಲಾರದು. ತೊಳೆಯದೆ ಇಟಿಓಗೆ ಹಾಕಿದ ಸಾಧನವನ್ನು ಶುದ್ಧವೆಂದು ಕರೆಯಲಾಗದು.

ಯಂತ್ರದೊಳಗಿನ ಕ್ರಮ ಹೀಗಿರುತ್ತದೆ: ಮೊದಲು ನಿರ್ವಾತದಿಂದ ಗಾಳಿಯನ್ನು ಹೊರಗೆಳೆಯುತ್ತಾರೆ, ತೇವ ಕೊಡುತ್ತಾರೆ, ಅನಿಲ ತುಂಬಿ ನಿಗದಿತ ಕಾಲ ಹಿಡಿದಿಡುತ್ತಾರೆ, ಮತ್ತೆ ನಿರ್ವಾತದಿಂದ ಅನಿಲವನ್ನು ಎಳೆದು, ಶುದ್ಧ ಗಾಳಿಯನ್ನೋ ಸಾರಜನಕವನ್ನೋ ಹಲವು ಬಾರಿ ಬಿಟ್ಟು ತೆಗೆಯುತ್ತಾರೆ. ಗಾಳಿಯೊಡನೆ ಶೇಕಡಾ 3ರಷ್ಟು ಬೆರೆತರೂ ಈ ಅನಿಲ ಕಿಡಿ ತಾಗಿದರೆ ಸ್ಫೋಟಿಸುತ್ತದೆ. ಗಾಳಿಯೇ ಇಲ್ಲದಿದ್ದರೂ ಅದು ತಾನಾಗಿ ವಿಭಜನೆಗೊಂಡು ಸ್ಫೋಟಿಸಬಲ್ಲದು. ಆದ್ದರಿಂದಲೇ ದೊಡ್ಡ ಕಾರ್ಖಾನೆಗಳಲ್ಲಿ ಸಾರಜನಕದ ರಕ್ಷಣೆಯಿಲ್ಲದೆ ಮುಂದುವರಿಯುವುದಿಲ್ಲ. ಹಿಂದೆ ಈ ಅಪಾಯವನ್ನು ತಗ್ಗಿಸಲು 12 ಪಾಲು ಎಥಿಲೀನ್ ಆಕ್ಸೈಡಿಗೆ 88 ಪಾಲು ಕ್ಲೋರೊಫ್ಲೋರೊಕಾರ್ಬನ್ ಬೆರೆಸುತ್ತಿದ್ದರು. ಓಜೋನ್ ಪದರವನ್ನು ರಕ್ಷಿಸುವ 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಆ ಮಿಶ್ರಣ ಬಳಕೆಯಿಂದ ಹೊರಟುಹೋಯಿತು.

ಇನ್ನು ಸತ್ತಿವೆಯೆಂದು ತಿಳಿಯುವ ಬಗೆ. ಈ ಅನಿಲವನ್ನು ಬಹಳ ಹೊತ್ತು ತಾಳುವ ‘ಬ್ಯಾಸಿಲಸ್ ಅಟ್ರೊಫೇಯಸ್’ ಎಂಬ ಬ್ಯಾಕ್ಟೀರಿಯಾದ ಸುಮಾರು 10 ಲಕ್ಷ ಬೀಜಕಣಗಳನ್ನು ಹಚ್ಚಿದ ಪಟ್ಟಿಯನ್ನು, ಅನಿಲ ತಲುಪಲು ಅತ್ಯಂತ ಕಷ್ಟವಾದ ಜಾಗದಲ್ಲಿ ಇಟ್ಟು, ಕೊನೆಯಲ್ಲಿ ಅದನ್ನು ಪೋಷಕ ದ್ರವದಲ್ಲಿ ಬೆಳೆಯಲು ಬಿಡುತ್ತಾರೆ. ಏನೂ ಬೆಳೆಯದಿದ್ದರೆ ಆ ಬ್ಯಾಚ್ ಒಪ್ಪಿತವಾಗುತ್ತದೆ. ಇದರ ಹಿಂದಿನ ಲೆಕ್ಕ ಸೊಗಸಾದದ್ದು, ಸ್ವಲ್ಪ ತಾಳ್ಮೆಯಿಂದ ಓದಿ. ಬೀಜಕಣಗಳು ಒಮ್ಮೆಲೇ ಸಾಯುವುದಿಲ್ಲ. ನಿಗದಿತವಾದ ಒಂದೊಂದು ಅವಧಿಗೂ ಉಳಿದವುಗಳಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಸಾಯುತ್ತವೆ. 10 ಲಕ್ಷವಿದ್ದದ್ದು ಅಂಥ ಆರು ಅವಧಿಗಳಲ್ಲಿ ಒಂದಕ್ಕೆ ಇಳಿಯುತ್ತದೆ, ಇನ್ನೂ ಆರು ಅವಧಿ ಕಳೆದರೆ ಒಂದು ಉಳಿದಿರುವ ಸಂಭವ 10 ಲಕ್ಷದಲ್ಲಿ ಒಂದಾಗುತ್ತದೆ. ಆದ್ದರಿಂದ ಪ್ರಕ್ರಿಯೆಯನ್ನು ನಿರ್ಧರಿಸುವಾಗ ಅರ್ಧ ಕಾಲದಲ್ಲಿಯೇ ಪಟ್ಟಿಯ ಮೇಲಿನ ಬೀಜಕಣಗಳೆಲ್ಲವೂ ಸಾಯುತ್ತವೆಯೇ ಎಂದು ಪರೀಕ್ಷಿಸಿ, ನಿತ್ಯದ ಬಳಕೆಗೆ ಅದರ ಎರಡರಷ್ಟು ಕಾಲವನ್ನು ಇಡುತ್ತಾರೆ. ಸಾಧನವೊಂದರ ಮೇಲೆ ಜೀವಂತ ಕ್ರಿಮಿ ಉಳಿದಿರುವ ಸಂಭವ 10 ಲಕ್ಷದಲ್ಲಿ ಒಂದಕ್ಕಿಂತ ಕಡಿಮೆ ಇದ್ದಾಗ ಮಾತ್ರ ಅದನ್ನು ಕ್ರಿಮಿರಹಿತ ಎಂದು ಕರೆಯುತ್ತಾರೆ. ಇಂಥ ಪರೀಕ್ಷೆಗಳನ್ನು ನಡೆಸಬೇಕಾದ ಬಗೆಯನ್ನು ಐಎಸ್‌ಓ 11135 ಮಾನಕ ವಿವರಿಸುತ್ತದೆ. ಮುಂದೆ ಈ ಕ್ಷೇತ್ರದಲ್ಲಿ ಕೆಲಸ ಮಾಡುವವರು ಅದನ್ನು ಮೂಲದಲ್ಲಿಯೇ ಓದುವುದು ಒಳ್ಳೆಯದು.

ಪ್ರಶ್ನೆ: ನಾನು ಆಸ್ಪತ್ರೆಯೊಂದರ ಸಿಎಸ್‌ಎಸ್‌ಡಿ (ಸಾಧನಗಳನ್ನು ಕ್ರಿಮಿರಹಿತಗೊಳಿಸುವ) ವಿಭಾಗದಲ್ಲಿ ಇಟಿಓ ಯಂತ್ರ ನೋಡಿಕೊಳ್ಳುತ್ತೇನೆ. ಶಸ್ತ್ರಕ್ರಿಯೆ ತುರ್ತಾಗಿದೆ, ಸೆಟ್ ಕೊಡಿ ಎಂದು ಒತ್ತಾಯ ಬಂದಾಗ ಕೆಲವು ಸಲ ಏರೇಷನ್ (ಗಾಳಿಯಾಡಿಸಿ ಉಳಿದ ಅನಿಲವನ್ನು ಹೊರಹಾಕುವುದು) ಪೂರ್ತಿಯಾಗುವ ಮೊದಲೇ ಬಾಗಿಲು ತೆರೆಯಬೇಕಾಗುತ್ತದೆ. ವಾಸನೆ ಬರುವುದಿಲ್ಲವಾದ್ದರಿಂದ ತೊಂದರೆಯಿಲ್ಲ ಎಂದು ಹಿರಿಯರು ಹೇಳುತ್ತಾರೆ. ಇದು ಸರಿಯೇ?

ಉತ್ತರ: ಸರಿಯಲ್ಲ, ದಯವಿಟ್ಟು ಇಂದಿನಿಂದಲೇ ಇದನ್ನು ನಿಲ್ಲಿಸಿ. ಈಥರಿನಂತೆ ತುಸು ಸಿಹಿಯಾದ ಈ ಅನಿಲದ ವಾಸನೆ ಮನುಷ್ಯರ ಮೂಗಿಗೆ ತಿಳಿಯುವುದು ಗಾಳಿಯಲ್ಲಿ ಅದು ಹಲವು ನೂರು ಪಿಪಿಎಂ (10 ಲಕ್ಷ ಪಾಲಿನಲ್ಲಿ ಇಷ್ಟು ಪಾಲು ಎಂಬ ಅಳತೆ) ಇದ್ದಾಗ. ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮವು ಎಂಟು ಗಂಟೆಗಳ ಸರಾಸರಿಗೆ ಇಟ್ಟಿರುವ ಮಿತಿ 1 ಪಿಪಿಎಂ, ಹದಿನೈದು ನಿಮಿಷಗಳ ಸರಾಸರಿಗೆ 5 ಪಿಪಿಎಂ. 800 ಪಿಪಿಎಂ ಎಂದರೆ ತಕ್ಷಣ ಜೀವಕ್ಕೇ ಅಪಾಯವೆಂದು ಪರಿಗಣಿಸುವ ಮಟ್ಟ. ವಾಸನೆ ಬರುವ ಹೊತ್ತಿಗೆ ತಾವು ಮಿತಿಯನ್ನು ನೂರಾರು ಪಟ್ಟು ದಾಟಿರುತ್ತೀರಿ. ವಾಸನೆ ಇಲ್ಲದಿರುವುದು ಏನನ್ನೂ ಸಾಬೀತುಪಡಿಸುವುದಿಲ್ಲ.

ಕಣ್ಣುರಿ, ಗಂಟಲು ಕೆರೆತ, ತಲೆನೋವು, ವಾಕರಿಕೆ ತಕ್ಷಣದ ಲಕ್ಷಣಗಳು. ದೀರ್ಘಕಾಲ ಹೆಚ್ಚಿನ ಪ್ರಮಾಣಕ್ಕೆ ಒಡ್ಡಿಕೊಂಡವರಲ್ಲಿ ಕೈಕಾಲುಗಳ ನರಗಳು ದುರ್ಬಲವಾಗುತ್ತವೆ. ಕ್ಯಾನ್ಸರಿಗೆ ಸಂಬಂಧಿಸಿದಂತೆ ರಕ್ತ ಮತ್ತು ದುಗ್ಧರಸ ವ್ಯವಸ್ಥೆಯ ಕ್ಯಾನ್ಸರುಗಳು ಹಾಗೂ ಸ್ತನದ ಕ್ಯಾನ್ಸರ್ ಅಧ್ಯಯನಗಳಲ್ಲಿ ಪ್ರಸ್ತಾಪವಾಗುತ್ತ ಬಂದಿವೆ. ಫಿನ್ಲೆಂಡಿನ ಆಸ್ಪತ್ರೆಗಳ ಶುದ್ಧೀಕರಣ ಸಿಬ್ಬಂದಿಯನ್ನು ಕುರಿತು 1982ರಲ್ಲಿ ಪ್ರಕಟವಾದ ಅಧ್ಯಯನವು, ಗರ್ಭಿಣಿಯಾಗಿದ್ದಾಗ ಈ ಅನಿಲಕ್ಕೆ ಒಡ್ಡಿಕೊಂಡವರಲ್ಲಿ ಗರ್ಭಪಾತ ಹೆಚ್ಚಾಗಿತ್ತೆಂದು ತೋರಿಸಿತು. ನಿಮ್ಮ ವಿಭಾಗದಲ್ಲಿ ಗರ್ಭಿಣಿಯರಿದ್ದರೆ ಅವರಿಗೆ ಬೇರೆ ಕೆಲಸ ಕೊಡುವಂತೆ ಮೇಲ್ವಿಚಾರಕರನ್ನು ಕೇಳುವುದು ಅವರ ಹಕ್ಕು.

ಯಂತ್ರದೊಳಗೆ 50ರಿಂದ 60 ಡಿಗ್ರಿ ಶಾಖದಲ್ಲಿ ಗಾಳಿಯಾಡಿಸಿದರೂ ಏರೇಷನ್‌ಗೆ 8ರಿಂದ 12 ಗಂಟೆ ಬೇಕು. ಕೋಣೆಯ ಉಷ್ಣತೆಯಲ್ಲಿ ಬಿಟ್ಟರೆ ಪಿವಿಸಿಯಂಥ ವಸ್ತುಗಳಿಗೆ ಏಳು ದಿನ ಹಿಡಿಯುತ್ತದೆ. ಈ ಕಾಲ ವೈದ್ಯರ ಅವಸರಕ್ಕೆ ಕಡಿಮೆಯಾಗುವಂಥದ್ದಲ್ಲ, ಏಕೆಂದರೆ ಪ್ಲಾಸ್ಟಿಕ್ಕಿನ ಒಳಗಿಂದ ಅನಿಲ ಮೇಲ್ಮೈಗೆ ಹರಿದು ಬರುವ ವೇಗವನ್ನು ಆ ವಸ್ತುವೂ ಉಷ್ಣತೆಯೂ ನಿರ್ಧರಿಸುತ್ತವೆ. ಬೇಗ ತೆಗೆದ ಸೆಟ್ ಮೊದಲು ನಿಮ್ಮ ಕೈ ಮತ್ತು ಉಸಿರನ್ನು ತಟ್ಟುತ್ತದೆ, ನಂತರ ರೋಗಿಯ ಅಂಗಾಂಶವನ್ನು ಸುಡುತ್ತದೆ. ತುರ್ತಿಗೆ ಪರಿಹಾರ ಬೇರೆಡೆ ಇದೆ: ಶಾಖ ತಾಳುವ ಸಾಧನವನ್ನು ಹಬೆಗೆ ಹಾಕುವುದು, ಇಟಿಓ ಬೇಕೇಬೇಕಾದ ಸಾಧನಗಳಿಗೆ ಹೆಚ್ಚುವರಿ ಸೆಟ್ ಇಟ್ಟುಕೊಳ್ಳುವುದು. ಇದನ್ನು ನಿರ್ಧರಿಸಬೇಕಾದವರು ಆಡಳಿತದವರು. ಆ ಹೊಣೆಯನ್ನು ಯಂತ್ರದ ಬಳಿ ನಿಂತವರ ಶ್ವಾಸಕೋಶದ ಮೇಲೆ ಹೇರುವುದು ಅನ್ಯಾಯ.

ನಿಮ್ಮ ಯಂತ್ರ ಎಂಥದೆಂದು ಬರೆದಿಲ್ಲ. ಶುದ್ಧೀಕರಣ ಮುಗಿದ ಮೇಲೆ ಸಾಧನಗಳನ್ನು ಕೈಯಿಂದ ಬೇರೆ ಏರೇಷನ್ ಪೆಟ್ಟಿಗೆಗೆ ಸಾಗಿಸಬೇಕಾದ ಹಳೆಯ ಮಾದರಿಯಾಗಿದ್ದರೆ ಅದನ್ನು ಬದಲಾಯಿಸಲು ಒತ್ತಾಯಿಸಿ. ಒಂದೇ ಕೋಣೆಯಲ್ಲಿ ಎರಡನ್ನೂ ಮುಗಿಸಿ ಅಲ್ಲಿಯವರೆಗೆ ಬಾಗಿಲು ತೆರೆಯಲು ಬಿಡದ ಯಂತ್ರಗಳನ್ನೇ ಬಳಸಬೇಕೆಂದು ಅಮೆರಿಕವು 2010ರಿಂದ ತನ್ನ ಆಸ್ಪತ್ರೆಗಳಿಗೆ ಕಡ್ಡಾಯಗೊಳಿಸಿದೆ. ಈ ಅನಿಲ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರವಾದ್ದರಿಂದ ನೆಲಮಟ್ಟದಲ್ಲಿ ಸಂಗ್ರಹವಾಗುತ್ತದೆ. ಆದ್ದರಿಂದ ಯಂತ್ರದ ಕೋಣೆಗೆ ಪ್ರತ್ಯೇಕ ವಾಯುನಿರ್ಗಮನ ಇರಬೇಕು, ಸೋರಿಕೆಯನ್ನು ಅಳೆದು ಕೂಗುವ ಮೀಟರ್ ಇರಬೇಕು, ಸಿಬ್ಬಂದಿ ಎದೆಯ ಮೇಲೆ ಧರಿಸುವ ಬ್ಯಾಡ್ಜಿನ ಅಳತೆ ಆಗಾಗ ನಡೆಯಬೇಕು. ಶಸ್ತ್ರಕ್ರಿಯೆಯ ಮುಖಗವುಸು ಈ ಅನಿಲವನ್ನು ಸ್ವಲ್ಪವೂ ತಡೆಯುವುದಿಲ್ಲ. ಮೀಟರ್ ಕೂಗಿದರೆ ಏನನ್ನೂ ಸರಿಪಡಿಸಲು ನಿಲ್ಲದೆ ಹೊರಗೆ ಹೋಗಿ.

ಪ್ರಶ್ನೆ: ಒಮ್ಮೆ ಬಳಸಿ ಎಸೆಯುವ ದುಬಾರಿ ಕ್ಯಾತಿಟರುಗಳನ್ನು ತೊಳೆದು ಇಟಿಓ ಮಾಡಿ ಮತ್ತೆ ಬಳಸಬಹುದೇ?

ಉತ್ತರ: ವೃತ್ತದೊಳಗೆ 2 ಅಂಕಿಯನ್ನು ಹೊಡೆದುಹಾಕಿದ ಚಿಹ್ನೆ ಪೊಟ್ಟಣದ ಮೇಲಿದ್ದರೆ, ಅದನ್ನು ಮತ್ತೆ ಬಳಸಬಾರದೆಂದು ತಯಾರಕರು ಹೇಳಿದ್ದಾರೆ ಎಂದರ್ಥ. ಕೂದಲೆಳೆಯಷ್ಟು ಸಣ್ಣ ನಳಿಕೆಯ ಒಳಗಿನ ರಕ್ತವನ್ನು ಪೂರ್ತಿ ತೊಳೆಯಲಾಗಿದೆಯೆಂದು ಸಾಬೀತುಪಡಿಸುವುದು ಕಷ್ಟ, ಒಂದೊಂದು ಸುತ್ತಿಗೂ ಪ್ಲಾಸ್ಟಿಕ್ಕಿನ ಬಲ ಕುಗ್ಗುತ್ತದೆ, ಉಳಿಕೆಯ ಅನಿಲ ಸೇರುತ್ತ ಹೋಗುತ್ತದೆ. ಕೆಲವು ದೇಶಗಳಲ್ಲಿ ಪರವಾನಗಿ ಪಡೆದ ಮರುಸಂಸ್ಕರಣಾ ಘಟಕಗಳು ಪ್ರತಿ ಮಾದರಿಗೂ ಪರೀಕ್ಷೆ ನಡೆಸಿ ಇದನ್ನು ಮಾಡುತ್ತವೆ. ಆಸ್ಪತ್ರೆಯ ಮೂಲೆಯೊಂದರಲ್ಲಿ ಅಂದಾಜಿನ ಮೇಲೆ ನಡೆಯುವ ಕೆಲಸ ಅದಕ್ಕೆ ಸಮನಲ್ಲ.

ಪ್ರಶ್ನೆ: ಇಷ್ಟು ಅಪಾಯಕಾರಿಯಾದದ್ದನ್ನು ಜಗತ್ತು ಏಕೆ ನಿಷೇಧಿಸಿಲ್ಲ? ಕಾರ್ಖಾನೆಗಳ ಸುತ್ತ ವಾಸಿಸುವವರ ಗತಿಯೇನು?

ಉತ್ತರ: ನಾಳೆಯೇ ನಿಷೇಧಿಸಿದರೆ ಶಸ್ತ್ರಕ್ರಿಯಾ ಕಿಟ್‌ಗಳು, ಹೃದಯದ ಕ್ಯಾತಿಟರುಗಳು, ಶಿಶುಗಳ ಉಸಿರಾಟದ ನಳಿಕೆಗಳು ಹಲವು ಆಸ್ಪತ್ರೆಗಳಲ್ಲಿ ಕೆಲವೇ ವಾರಗಳಲ್ಲಿ ಮುಗಿದುಹೋಗುತ್ತವೆ ಎಂಬುದೇ ಉತ್ತರ. 2019ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ವಿಲೊಬ್ರುಕ್ ಎಂಬಲ್ಲಿನ ದೊಡ್ಡ ಘಟಕವೊಂದು ನೆರೆಹೊರೆಯವರ ಆರೋಗ್ಯದ ಪ್ರಶ್ನೆಯಿಂದಾಗಿ ಮುಚ್ಚಿದಾಗ, ಸಾಧನಗಳ ಕೊರತೆಯಾಗಬಹುದೆಂದು ಅಲ್ಲಿನ ಆಹಾರ ಮತ್ತು ಔಷಧ ಆಡಳಿತವು ಬಹಿರಂಗವಾಗಿ ಎಚ್ಚರಿಸಿತ್ತು. ಆದರೆ ನೆರೆಹೊರೆಯವರ ಆತಂಕವನ್ನು ಕೊರತೆಯ ಮಾತಿನಿಂದ ಬಾಯಿ ಮುಚ್ಚಿಸಲಾಗದು. ಕಾರ್ಖಾನೆಯ ಹೊರಗಾಳಿಯನ್ನು ಆಮ್ಲದ ನೀರಿನಲ್ಲಿ ಹಾಯಿಸಿದರೆ ಅನಿಲ ಗ್ಲೈಕಾಲ್ ಆಗುತ್ತದೆ, ವೇಗವರ್ಧಕದ ಮೇಲೆ ಹಾಯಿಸಿದರೆ ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗುತ್ತದೆ. ಮುಖ್ಯ ಚಿಮಣಿಗೆ ಇವನ್ನು ಅಳವಡಿಸಿದರೆ ಸಾಲದು, ಶುದ್ಧಗೊಂಡ ಸರಕು ಉಗ್ರಾಣದಲ್ಲಿ ಕುಳಿತು ನಿಧಾನವಾಗಿ ಬಿಡುವ ಅನಿಲವನ್ನೂ ಹಿಡಿಯಬೇಕು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಇಂಥ ಘಟಕಗಳಿಂದ ಹೊರಬೀಳುವ ಅನಿಲವನ್ನು ಶೇಕಡಾ 90ಕ್ಕೂ ಹೆಚ್ಚು ತಗ್ಗಿಸುವ ನಿಯಮವನ್ನು 2024ರ ಮಾರ್ಚ್‌ನಲ್ಲಿ ಪ್ರಕಟಿಸಿತು.

ಬದಲಿಗಳು ಬರುತ್ತಿವೆ. ಆವಿಯಾದ ಹೈಡ್ರೋಜನ್ ಪೆರಾಕ್ಸೈಡ್ ಕೊನೆಗೆ ನೀರು ಮತ್ತು ಆಮ್ಲಜನಕವಾಗುವುದರಿಂದ ದೀರ್ಘ ಏರೇಷನ್ ಬೇಡುವುದಿಲ್ಲ. 2022ರಲ್ಲಿ ಅದಕ್ಕೆ ಐಎಸ್‌ಓ 22441 ಮಾನಕ ಬಂದಿತು, 2024ರ ಜನವರಿಯಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಅದನ್ನು ರೂಢಿಗತ ವಿಧಾನಗಳ ಸಾಲಿಗೆ ಸೇರಿಸಿತು. ಆದರೆ ಕಾಗದ, ಹತ್ತಿ ಅದನ್ನು ಹೀರಿಬಿಡುತ್ತವೆ; ಉದ್ದವಾದ ಸಣ್ಣ ನಳಿಕೆಗಳೊಳಗೆ ಅದು ಎಥಿಲೀನ್ ಆಕ್ಸೈಡಿನಷ್ಟು ದೂರ ಹೋಗಲಾರದು. ಒಂದೊಂದೇ ಸಾಧನವನ್ನು ಪರೀಕ್ಷಿಸಿ, ಸಾಧ್ಯವಾದದ್ದನ್ನೆಲ್ಲ ಬೇರೆ ವಿಧಾನಗಳಿಗೆ ದಾಟಿಸಿ, ಬೇರೆ ದಾರಿಯೇ ಇಲ್ಲದವಕ್ಕೆ ಮಾತ್ರ ಈ ಅನಿಲವನ್ನು ಉಳಿಸಿಕೊಳ್ಳುವುದು ನನಗೆ ಸರಿಯೆನಿಸುತ್ತದೆ. ಇದಕ್ಕೆ ವರ್ಷಗಳೇ ಹಿಡಿಯುತ್ತವೆ.

ಪ್ರಶ್ನೆ: ಪೊಟ್ಟಣದ ಮೇಲಿನ ಚುಕ್ಕೆಯ ಬಣ್ಣ ಬದಲಾಗಿದ್ದರೆ ಒಳಗಿನದು ಕ್ರಿಮಿರಹಿತವೆಂದು ನಂಬಬಹುದೇ?

ಉತ್ತರ: ಆ ಪೊಟ್ಟಣ ಅನಿಲದ ಸಂಪರ್ಕಕ್ಕೆ ಬಂದಿತ್ತೆಂಬುದನ್ನಷ್ಟೇ ಬಣ್ಣ ಹೇಳುತ್ತದೆ. ಸಾಕಷ್ಟು ಹೊತ್ತು ಇತ್ತೇ, ಒಳಗಿನ ಕ್ರಿಮಿಗಳು ಸತ್ತವೇ, ಅನಿಲ ಹೊರಟುಹೋಯಿತೇ ಎಂಬುದಕ್ಕೆ ಬೀಜಕಣದ ಪರೀಕ್ಷೆಯೂ ಏರೇಷನ್ ದಾಖಲೆಯೂ ಬೇಕು. ಬಳಸುವವರು ತಾವಾಗಿ ನೋಡಬಹುದಾದದ್ದೆಂದರೆ ಅಂಚಿನ ಮೊಹರು, ಹರಿದ ಅಥವಾ ಒದ್ದೆಯಾದ ಗುರುತು, ಮತ್ತು ಮರಳುಗಡಿಯಾರದ ಚಿಹ್ನೆಯ ಪಕ್ಕದಲ್ಲಿರುವ ಅವಧಿಯ ದಿನಾಂಕ. ಇವುಗಳಲ್ಲಿ ಒಂದರಲ್ಲಿ ಸಂದೇಹ ಬಂದರೂ, ಚುಕ್ಕೆ ಯಾವ ಬಣ್ಣದಲ್ಲಿದ್ದರೂ, ಆ ಪೊಟ್ಟಣವನ್ನು ಬಳಸಬೇಡಿ.